ವಾಗ್ದಾನದ ಕಾರ್ಡ್ ಗೋಡೆ ಮೇಲಿದೆ, ಪ್ರಾರ್ಥನೆ ಮಾತ್ರ ಬರ್ತಿಲ್ಲ. ನೀವು ಹೇಗೆ ನಿಂತಿರಿ?

ಎಡದಂಡೆ_ಕಾರಟಗಿ

ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿಯವನು, ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಗುಮಾಸ್ತ ಆಗಿದ್ದೆ ಅನ್ನಬೇಕು. ಈ ಸಲ ಬೇಸಿಗೆ ಬೆಳೆಗೆ ಡ್ಯಾಮಿನ ನೀರಿಲ್ಲ ಅಂತ ಆದ ಮೇಲೆ ಮಾಲೀಕರು ಕರೆದು, ಮುಂದಿನ ಭತ್ತ ಬರೋ ತನಕ ಮನೇಲಿರು, ಆಮೇಲೆ ನೋಡೋಣ ಅಂದರು. ಅವರನ್ನು ಬೈದು ಏನೂ ಉಪಯೋಗವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಕೊಂಡು ಹೋಯಿತಲ್ಲ, ಅದರ ಬಾಲ ಇದು. 33 ಗೇಟೂ ಬದಲಾಯಿಸಬೇಕು, ಅದಕ್ಕೆ ನೀರು ಬಿಡುವ ಹಾಗಿಲ್ಲ. ಭತ್ತವೇ ಇಲ್ಲದ ಮೇಲೆ ತೂಕ ಬರೆಯೋದಕ್ಕೆ ಗುಮಾಸ್ತ ಯಾಕೆ?

ಇದೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಜನವರಿಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ನಮ್ಮಪ್ಪ ಚರ್ಚಿನ ಸಭೆಯಲ್ಲಿ 40 ವರ್ಷ ಹಾಡು ಎತ್ತಿಕೊಟ್ಟವರು, ಅವರ ದನಿ ಇಲ್ಲದೆ ಭಾನುವಾರ ಶುರುವಾಗುತ್ತಿರಲಿಲ್ಲ. ಈಗ ನೀರು ಬೇಕು ಅಂದರೂ ಎಡಗೈಯಲ್ಲಿ ಮಂಚ ಬಡಿಯುತ್ತಾರೆ. ಆಸ್ಪತ್ರೆ ಖರ್ಚಿಗೆ ಹೆಂಡತಿ ಹೆಸರಲ್ಲಿ ಮೂರು ಸಂಘದ ಸಾಲ ಎತ್ತಿದ್ದೇವೆ, ವಾರದ ಕಂತು. ಮಂಗಳವಾರ ಬಂತು ಅಂದರೆ ಹೊಟ್ಟೆ ಕಲಸುತ್ತದೆ.

ಇನ್ನು ನಿಜವಾದ ವಿಷಯ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆ ತುಂಬ ವಾಗ್ದಾನದ ಕಾರ್ಡ್, ಅಂದರೆ ಒಂದೊಂದು ಬೈಬಲ್ ವಚನ ಅಚ್ಚಾದ ಕಾರ್ಡ್ ಇಟ್ಟಿರುತ್ತಾರೆ, ಪ್ರಾರ್ಥನೆ ಮಾಡಿ ಒಂದು ತೆಗೆಯಬೇಕು, ಎಲ್ಲರಿಗೂ ಗೊತ್ತಿರುವುದೇ. ನನಗೆ ಬಂದದ್ದು ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆಗಳು, ಅಹಿತದವಲ್ಲ, ಅಂತ ದೇವರು ಹೇಳುವ ಮಾತು. ಹೆಂಡತಿ ಖುಷಿಯಾಗಿ ಲ್ಯಾಮಿನೇಷನ್ ಮಾಡಿಸಿ ಟಿವಿ ಮೇಲೆ ಅಂಟಿಸಿದಳು. ಸರಿಯಾಗಿ 17 ದಿನಕ್ಕೆ ಅಪ್ಪ ಬಚ್ಚಲಲ್ಲಿ ಬಿದ್ದರು. ಕಾರ್ಡ್ ಇನ್ನೂ ಅಲ್ಲೇ ಇದೆ. ಕಿತ್ತು ಹಾಕೋದಕ್ಕೆ ಹೆದರಿಕೆ, ನೋಡೋದಕ್ಕೆ ಸಿಟ್ಟು.

ಸಭೆಗೆ ಹೋಗುತ್ತೇನೆ, ಹಿಂದೆ ಕೂರುತ್ತೇನೆ. ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ಹೊರಗೆ ಚಪ್ಪಲಿ ಬಿಡುವ ಕಡೆ ನಿಂತುಬಿಡುತ್ತೇನೆ. ಹೋದ ವಾರ ಒಬ್ಬರು ಕಳೆದ ಬೈಕು ಸಿಕ್ಕಿದ್ದಕ್ಕೆ ಸ್ತೋತ್ರ ಹೇಳಿದರು, ಅವರ ಮೇಲೆ ನನಗೆ ಬಂದ ಕೋಪ ನೋಡಿ ನನಗೇ ಭಯವಾಯಿತು. ಬೇರೆ ಊರಿಂದ ಬಂದಿದ್ದ ಪ್ರಸಂಗಿಯೊಬ್ಬರು ಮನೆಗೆ ಬಂದು, ಮನೆಯಲ್ಲಿ ಯಾರದೋ ಮುಚ್ಚಿಟ್ಟ ಪಾಪ ಇದೆ, 5,000 ನಂಬಿಕೆಯ ಕಾಣಿಕೆ ಕೊಡಿ, ಅಪ್ಪ ಎದ್ದು ನಡೀತಾರೆ ಅಂದರು. ಅಪ್ಪನಿಗೆ ಮಾತು ಬರಲ್ಲ ಅಷ್ಟೇ, ಕಿವಿ ಕೇಳುತ್ತದೆ. ಅವರ ಕಣ್ಣಲ್ಲಿ ನೀರು ಬಂತು.

ದಯವಿಟ್ಟು ವಚನ ಕಳಿಸಬೇಡಿ. ವಚನ ನನ್ನ ಹತ್ತಿರವೂ ಇವೆ. ಕಷ್ಟ ಬಂದಾಗ ನಂಬಿಕೆ ಹಿಡಿದು ನಿಂತೆ ಅನ್ನುತ್ತೀರಲ್ಲ, ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ? ರಾತ್ರಿ ಏನು ಮಾಡುತ್ತಿದ್ದಿರಿ? ಅದನ್ನು ಹೇಳಿ ಸಾಕು.


ರಾತ್ರಿಪಾಳಿ_ರಾಯಚೂರು

ಅಣ್ಣಾ, ನಾನು ನರ್ಸ್. ಮೊದಲು ಅಪ್ಪನ ವಿಷಯ, ನಿಮ್ಮ ಪ್ರಾರ್ಥನೆ ವಿಷಯ ಆಮೇಲೆ.

ಲಕ್ವಾ ಆದ ಮೇಲೆ ಮೊದಲ ಮೂರರಿಂದ ಆರು ತಿಂಗಳು ಬಹಳ ಮುಖ್ಯ. ದೇಹ ಜಾಸ್ತಿ ಚೇತರಿಸಿಕೊಳ್ಳುವುದು ಆಗಲೇ. ಫಿಸಿಯೋಥೆರಪಿ ಬಿಡಬೇಡಿ. ದಿನಾ ದುಡ್ಡು ಕೊಟ್ಟು ಕರೆಸಲು ಆಗದಿದ್ದರೆ ಒಮ್ಮೆ ಕರೆಸಿ ಕಲಿತುಕೊಳ್ಳಿ, ನೀವು ಮನೇಲಿದ್ದೀರಲ್ಲ, ನೀವೇ ದಿನಕ್ಕೆ ಮೂರು ಸಲ ಮಾಡಿಸಿ. ಕುಡಿಯುವಾಗ ಕೆಮ್ಮು ಬರುತ್ತಾ ನೋಡಿ. ಬಂದರೆ ಡಾಕ್ಟರಿಗೆ ಹೇಳಲೇಬೇಕು, ನೀರು ಶ್ವಾಸಕೋಶಕ್ಕೆ ಹೋಗಿ ಜ್ವರ ಬರುತ್ತದೆ. ಮಲಗಿಸಿ ಕುಡಿಸಬೇಡಿ. ಬಿಪಿ ಮಾತ್ರೆಯನ್ನು ಯಾವ ಪ್ರಸಂಗಿ ಹೇಳಿದರೂ ನಿಲ್ಲಿಸಬೇಡಿ. ನಮ್ಮ ವಾರ್ಡಿಗೆ ಎರಡನೇ ಸಲ ಲಕ್ವಾ ಆಗಿ ಬರುವವರಲ್ಲಿ ಎಷ್ಟೋ ಮಂದಿ ಮಾತ್ರೆ ಬಿಟ್ಟವರೇ.

ಇನ್ನೊಂದು. ಮಾತು ಹೋದವರಿಗೂ ಕೆಲವು ಸಲ ಹಾಡು ಬರುತ್ತದೆ. ಬಾಯಿಪಾಠ ಇದ್ದದ್ದು ಬರುತ್ತದೆ. ಒಂದು ಎರಡು ಮೂರು ಎಣಿಸುವುದು, ವಾರದ ಹೆಸರು, ಚಿಕ್ಕಂದಿನ ಪ್ರಾರ್ಥನೆ. ಹೊಸ ಮಾತು ಕಟ್ಟುವುದು ಬೇರೆ, ಹಳೆಯದು ತಾನಾಗಿ ಹೊರಗೆ ಬರುವುದು ಬೇರೆ. 40 ವರ್ಷ ಹಾಡಿದವರು ಅಂದಿರಲ್ಲ. ಹಾಡಿ ನೋಡಿ ಅವರ ಮುಂದೆ. ಬರಲೇಬೇಕು ಅಂತ ಒತ್ತಾಯ ಬೇಡ.

ಈಗ ನನ್ನ ಕಥೆ. 2021ರ ಮೇ. ನಾನು ಕೋವಿಡ್ ವಾರ್ಡಿನಲ್ಲಿ ಡ್ಯೂಟಿ, ನಮ್ಮಮ್ಮ ಬೇರೆ ಆಸ್ಪತ್ರೆಯಲ್ಲಿ ದಾಖಲು. ಬೇರೆಯವರ ಅಮ್ಮಂದಿರಿಗೆ ಮಾಸ್ಕ್ ಸರಿ ಮಾಡುತ್ತಾ ನಿಂತಿದ್ದಾಗ ಫೋನ್ ಬಂತು. ಕಿಟ್ ಹಾಕಿಕೊಂಡಿದ್ದೆ, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಆಮೇಲೆ ಎಂಟು ತಿಂಗಳು ನನಗೆ ಒಂದು ಸಾಲು ಪ್ರಾರ್ಥನೆ ಬರಲಿಲ್ಲ. ನಿಂತೆ ಅಂತ ಜನ ಹೇಳುತ್ತಾರೆ. ನಾನು ನಿಂತಿರಲಿಲ್ಲ ಅಣ್ಣಾ, ಬಸ್ಸಿನ ಕಂಬಿ ಹಿಡಿದುಕೊಂಡ ಹಾಗೆ ಜೋತುಬಿದ್ದಿದ್ದೆ.

ಮಾಡಿದ್ದು ಇಷ್ಟೇ. ರಾತ್ರಿಪಾಳಿ ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಬೈಬಲ್ಲಿನ ಕೀರ್ತನೆ ದಿನಕ್ಕೊಂದು ಓದುತ್ತಿದ್ದೆ. ಒಟ್ಟು 150. ಅರ್ಥ ಹುಡುಕದೆ, ಬಿಪಿ ಚಾರ್ಟ್ ಓದುವ ಹಾಗೆ ಓದುತ್ತಿದ್ದೆ. ಓದುತ್ತಾ ಹೋದಾಗ ಗೊತ್ತಾಯಿತು, ಅದರಲ್ಲಿ ಎಷ್ಟೊಂದು ಬೈಗುಳ ಇದೆ ಅಂತ! 13ನೆಯದರಲ್ಲಿ ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಎಷ್ಟು ದಿನ ಹೀಗೆ, ಎಷ್ಟು ದಿನ ಅಂತ ಬರೆದವನು ದೇವರನ್ನೇ ಕೇಳುತ್ತಾನೆ. 88 ಓದಿದ ದಿನ ಬಸ್ಸು ಬಿಟ್ಟುಬಿಟ್ಟೆ. ಉಳಿದವೆಲ್ಲ ಅಳುತ್ತಾ ಶುರುವಾದರೂ ಕೊನೆಗೆ ಸ್ತೋತ್ರಕ್ಕೆ ಬರುತ್ತವೆ ಅಂದುಕೊಂಡಿದ್ದೆ. ಅದು ಬರುವುದಿಲ್ಲ. ಕತ್ತಲೆಯಲ್ಲೇ ನಿಲ್ಲುತ್ತದೆ. ಸಭೆಯಲ್ಲಿ ಯಾರಾದರೂ ಹಾಗೆ ಸಾಕ್ಷಿ ಹೇಳಿದರೆ ಮೈಕ್ ಕಸಿದುಕೊಳ್ಳುತ್ತಾರೆ. ಬೈಬಲ್ಲಿನಲ್ಲಿ ಅದನ್ನು ಹಾಗೇ ಇಟ್ಟಿದ್ದಾರೆ. ನನ್ನ ಸಿಟ್ಟಿಗೂ ಅಲ್ಲಿ ಜಾಗ ಇದೆ ಅಂತ ಅವತ್ತು ಅನ್ನಿಸಿತು.

ನಿದ್ದೆ ಮಾಡುತ್ತಿದ್ದೀರಾ? ಬೈಬಲ್ಲಿನ ಪ್ರವಾದಿ ಎಲೀಯನ ಕಥೆ ನೆನಪಿದೆಯಲ್ಲ, ಸಾಯಬೇಕು ಅಂತ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡವನು. ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ಬಿಸಿ ರೊಟ್ಟಿ ಕೊಟ್ಟ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ಮಾತುಕತೆ ಎಲ್ಲ ಆಮೇಲೆ. ನಿಮಗೂ ಸಾಯುವ ಯೋಚನೆ ಏನಾದರೂ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ನಂಬಿಕೆ ಇಲ್ಲದವರ ಕೆಲಸ ಅಂತ ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸಿ.


ಜಯಜೀವನ_77

ಸಹೋದರ, ಕರ್ತನಿಗೆ ಸ್ತೋತ್ರ. ಬೇಸರ ಮಾಡಿಕೊಳ್ಳಬೇಡಿ, ಆದರೆ ಸತ್ಯ ಹೇಳಲೇಬೇಕು. ನಂಬಿಕೆ ಇದ್ದ ಕಡೆ ರೋಗ ನಿಲ್ಲಲ್ಲ. ಚಪ್ಪಲಿ ಹತ್ತಿರ ನಿಂತರೆ ಆಶೀರ್ವಾದ ಹೇಗೆ ಬರುತ್ತೆ? 21 ದಿನ ಉಪವಾಸ ಪ್ರಾರ್ಥನೆ ಹಿಡಿಯಿರಿ, ಮನೆಯವರೆಲ್ಲ ಪಾಪ ಅರಿಕೆ ಮಾಡಿ, ಬಿಡುಗಡೆ ಖಂಡಿತ. ಗೊಣಗುವವರು ದೇವರು ಮಾತು ಕೊಟ್ಟ ಕಾನಾನ್ ದೇಶಕ್ಕೆ ಹೋಗಲಿಲ್ಲ, ನೆನಪಿರಲಿ.


ಹಳೇ_ಮೇಷ್ಟ್ರು_ಬಳ್ಳಾರಿ

ಮೇಲಿನ ಸಹೋದರರಿಗೆ ಮೊದಲು ಒಂದು ಮಾತು. ಬೈಬಲ್ಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಪುಸ್ತಕ ಕೊನೆಯ ತನಕ ಓದಿದ್ದೀರಾ? ಅವನ ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತರು. ಅಲ್ಲಿ ತನಕ ಒಳ್ಳೆಯವರೇ. ಬಾಯಿ ತೆಗೆದ ಮೇಲೆ ಕೆಟ್ಟರು. ನೀನೇನೋ ಪಾಪ ಮಾಡಿರಬೇಕು, ಅರಿಕೆ ಮಾಡಿಕೋ, ಇದೇ ಮಾತು. 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಗೊಣಗಿದ ಯೋಬನ ಮೇಲಲ್ಲ, ಬುದ್ಧಿ ಹೇಳಿದ ಗೆಳೆಯರ ಮೇಲೆ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಲಕ್ವಾ ಆದ ಮನುಷ್ಯನ ಮಂಚದ ಪಕ್ಕ ನಿಂತು ಹೇಳುವ ಮಾತು ಅದಲ್ಲ.

ತಮ್ಮಾ ಕಾರಟಗಿ, ನೀನು ವಚನ ಬೇಡ ಅಂದೆ. ನಾನು ಹೊಸದು ಕೊಡುವುದಿಲ್ಲ. ನಿನ್ನ ಟಿವಿ ಮೇಲಿರುವುದನ್ನೇ ಪೂರ್ತಿ ಓದಿ ಹೇಳುತ್ತೇನೆ, ಯಾಕೆಂದರೆ ಆ ಕಾರ್ಡಿನಲ್ಲಿ ಅಚ್ಚು ಹಾಕಿದವರು ಒಂದೇ ಸಾಲು ಹಾಕಿದ್ದಾರೆ.

ಅದು ಒಂದು ಕಾಗದ. ಯೆರೆಮೀಯ ಯೆರೂಸಲೇಮಿನಲ್ಲಿ ಕೂತು ಬಾಬೆಲಿಗೆ ಸೆರೆ ಹೋದವರಿಗೆ ಬರೆದದ್ದು. ಆಗ ಬೇರೆ ಪ್ರವಾದಿಗಳೂ ಇದ್ದರು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ, ವಾಪಸ್ ಬರುತ್ತೀರಿ ಅನ್ನುವವರು. ಜನರಿಗೆ ಅವರೇ ಇಷ್ಟ, ಇವತ್ತಿಗೂ ಹಾಗೇ ಅಲ್ವಾ. ಯೆರೆಮೀಯ ಬರೆದ, 70 ವರ್ಷ ಆಗುತ್ತದೆ ಅಂತ. ಕಾರ್ಡಿನ ಮೇಲಿರುವ 11ನೇ ವಚನಕ್ಕೆ ಅಂಟಿಕೊಂಡೇ 10ನೇ ವಚನದಲ್ಲಿ ಆ 70 ಇದೆ. ಅಂದರೆ ಕಾಗದ ಓದಿದ ದೊಡ್ಡವರಲ್ಲಿ ಹೆಚ್ಚು ಕಡಿಮೆ ಯಾರೂ ಮತ್ತೆ ಊರು ನೋಡುವುದಿಲ್ಲ. ಅಂಥವರಿಗೆ ಹೇಳಿದ ಹಿತದ ಯೋಚನೆ ಅದು. ಹಾಗಾದರೆ ಅಲ್ಲಿ ತನಕ ಏನು ಮಾಡಬೇಕು? ಅದೂ ಅದೇ ಕಾಗದದಲ್ಲಿದೆ, 5ನೇ ವಚನದಿಂದ. ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿ. ಕಷ್ಟ ಮುಗಿದ ಮೇಲೆ ಬದುಕಿ ಅಂತ ಹೇಳಲಿಲ್ಲ. ಕಷ್ಟದೊಳಗೇ ತರಕಾರಿ ಹಾಕಿ ಅಂದ.

ನಾನು ಇದನ್ನು ಪುಸ್ತಕದಿಂದ ಕಲಿತಿದ್ದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಆ ಕೆಂಪು ಧೂಳು ತಿಂದವರಿಗೆ ಗೊತ್ತು. ಆದರೆ ನನ್ನ ಮಗ ಅದರ ಹಿಂದಿನ ವರ್ಷವಷ್ಟೇ ಸಾಲ ಮಾಡಿ ಲಾರಿ ತಂದಿದ್ದ, ನನ್ನ ಪಿಎಫ್ ದುಡ್ಡೂ ಅದರಲ್ಲಿತ್ತು. ಲಾರಿ ಮನೆ ಮುಂದೆ ಬೇವಿನ ಮರದ ಕೆಳಗೆ ನಿಂತಿತು. ಮಗ ಬೆಳಿಗ್ಗೆ ಎದ್ದು ಅದರ ಟೈರ್ ಒದ್ದು ನೋಡುವುದು, ಒಳಗೆ ಬಂದು ಗೋಡೆ ಕಡೆ ತಿರುಗಿ ಮಲಗುವುದು. ನಾನು ಮೇಷ್ಟ್ರು, ಭಾನುವಾರ ಶಾಲೆ ನಡೆಸಿದವನು, ನನ್ನ ಹತ್ತಿರ ಅವನಿಗೆ ಹೇಳುವ ಒಂದು ಮಾತೂ ಇರಲಿಲ್ಲ.

ನಮ್ಮನೆಯವಳು ಅಷ್ಟು ಓದಿದವಳಲ್ಲ. ಪಾತ್ರೆ ತೊಳೆದ ನೀರು ಸುಮ್ನೆ ಹರಿದುಹೋಗುತ್ತೆ ಅಂತ ಲಾರಿ ಪಕ್ಕ ಗುಂಡಿ ತೆಗೆದು ನಾಲ್ಕು ಕುಂಬಳ ಬೀಜ ಹಾಕಿದಳು. ಮಗ ನಕ್ಕ. ಎರಡು ತಿಂಗಳಿಗೆ ಬಳ್ಳಿ ಹಿಂದಿನ ಟೈರ್ ಹಿಡಿದು ಮೇಲೆ ಹತ್ತಿತು, ಆಮೇಲೆ ಡಾಲಾ, ಲಾರಿಯ ಹಿಂದಿನ ಹಲಗೆ, ದಾಟಿತು, ಒಳಗೆ ಅದಿರಿನ ಪುಡಿ ಮೇಲೆ ಹಳದಿ ಹೂ. ಕಾಯಿ ಬಿಟ್ಟಾಗ ಇಡೀ ಓಣಿಗೆ ಹಂಚಿದೆವು, ಲಾರಿ ಕುಂಬಳ ಅಂತ ಹೆಸರೇ ಬಿತ್ತು. ಸಾಲ ಅದರಿಂದ ತೀರಲಿಲ್ಲ. ಲಾರಿ ಕೊನೆಗೆ ಅರ್ಧ ಬೆಲೆಗೆ ಹೋಯಿತು. ಆದರೆ ಮಗ ನೀರು ಹಾಕೋದಕ್ಕೆ ಅಂತ ಬೆಳಿಗ್ಗೆ ಎದ್ದು ಹೊರಗೆ ಬರುವುದು ಶುರುವಾಯಿತು ನೋಡು, ನಾನು ದೇವರಿಗೆ ಮೊದಲು ಸ್ತೋತ್ರ ಹೇಳಿದ್ದು ಆ ಬಕೆಟ್ ಸದ್ದಿಗೆ.

ಇನ್ನೊಂದು ಹಳೇ ಕಥೆ, ಮೇಷ್ಟ್ರಿಗೆ ಬಿಡೋಕಾಗಲ್ಲ. ಹ್ಯಾಂಡ್ಸ್ ಅನ್ನುವ ಲಂಡನ್ ಮಿಷನ್ನಿನ ಪಾದ್ರಿ ನಮ್ಮ ಬಳ್ಳಾರಿಗೆ ಬಂದದ್ದು 1810ರಲ್ಲಿ. ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. 21 ವರ್ಷ! ನಮ್ಮ ಸುಡು ಬಿಸಿಲಿನಲ್ಲಿ ಕೂತು ದಿನಕ್ಕಿಷ್ಟು ಸಾಲು. ಆ ಮನುಷ್ಯನ ನಂಬಿಕೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ಲ, ಅವನ ದಿನಚರಿ ಗಟ್ಟಿಯಾಗಿತ್ತು ಅಂತ ಮಾತ್ರ ಹೇಳಬಲ್ಲೆ.

5,000 ಕೊಡಬೇಡ. ಅದರಲ್ಲಿ ಅಪ್ಪನಿಗೆ ಫಿಸಿಯೋದವರನ್ನು ಕರೆಸು.


ಸಿಂಧನೂರು_ಹುಡುಗ

ನಾನು ಚರ್ಚಿಗೆ ಹೋಗೋದು ಬಿಟ್ಟು ಆರು ವರ್ಷ ಆಯ್ತು, ಕ್ರಿಸ್ಮಸ್ ಊಟಕ್ಕೆ ಮಾತ್ರ ಹೋಗ್ತೀನಿ, ಹಾಗಾಗಿ ದೇವರ ವಿಷಯ ದೊಡ್ಡವರಿಗೆ ಬಿಟ್ಟೆ. ಅಣ್ಣಾ, ಸಂಘದ ಸಾಲದ ಬಗ್ಗೆ ಕೇಳಿ. ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಫೋನ್ ಮಾಡೋ ಹಾಗಿಲ್ಲ, ರಿಸರ್ವ್ ಬ್ಯಾಂಕಿನ 2022ರ ನಿಯಮ ಅದು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಆಗೋ ಹಾಗೆ ಸಾಲ ಕೊಡಬಾರದು ಅಂತಲೂ ಇದೆ. ಮೂರನೇ ಸಂಘದವರು ಇದನ್ನ ನೋಡಿದ್ರಾ? ಕೇಳಿ ಅವರನ್ನ. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯ್ದೆ ಆಯ್ತು, ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಸಾಲ ಮನ್ನಾ ಆಗುತ್ತೆ ಅಂತ ತಿಳ್ಕೋಬೇಡಿ, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದವರ ಸಾಲ ಕಟ್ಟಲೇಬೇಕು. ಆದರೆ ಕಂತು ಚಿಕ್ಕದು ಮಾಡಿ ಅಂತ ಬರೆದು ಕೊಟ್ಟು, ಒಂದು ಪ್ರತಿ ಸಹಿ ಹಾಕಿಸಿಕೊಂಡು ಇಟ್ಕೊಳ್ಳಿ. ಬಾಯಿಮಾತು ಬೇಡ.

ಮೇಷ್ಟ್ರೇ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಕುಂಬಳ ಹಾಕಿದ್ದು ಅಮ್ಮ, ನೀರು ಹಾಕಿದ್ದು ಮಗ. ಇದರಲ್ಲಿ ದೇವರೆಲ್ಲಿ ಬಂದ? ನಮ್ಮ ಕಡೆ ದೇವರನ್ನೇ ನಂಬದ ರೈತನೂ ಹೀಗೇ ಎದ್ದು ನಿಲ್ತಾನೆ.


ಹಳೇ_ಮೇಷ್ಟ್ರು_ಬಳ್ಳಾರಿ

ನಿಲ್ಲುತ್ತಾನೆ. ಇಲ್ಲ ಅನ್ನುವುದಿಲ್ಲ. ನನಗೆ ನಮ್ಮನೆಯವಳ ಕೈಯಲ್ಲಿ ದೇವರು ಕಂಡ, ನಿನಗೆ ಕೈ ಕಂಡಿತು. ಜಗಳ ಆಡುವಂಥದ್ದೇನಿದೆ? ಸಾಲದ ವಿಷಯ ನೀನು ಬರೆದದ್ದು ನನ್ನ ಉದ್ದನೆಯ ಪುರಾಣಕ್ಕಿಂತ ಉಪಯೋಗ. ಕ್ರಿಸ್ಮಸ್ಸಿಗೆ ಈ ಸಲ ಬಳ್ಳಾರಿಗೆ ಬಾ.


ಮುದಗಲ್_ಮಗಳು

ನಾನು ಕ್ಯಾಥೋಲಿಕ್, ಮುದಗಲ್ಲಿನವಳು. ನಮ್ಮದು ಆದಿಲ್ ಶಾಹಿ ಕಾಲದಿಂದ ಇರುವ ಹಳೇ ಕ್ರೈಸ್ತರ ಕೇರಿ, ನೀವೆಲ್ಲ ಸಭೆ ಅನ್ನುವುದಕ್ಕೆ ನಾವು ಗುಡಿ ಅಂತಲೂ ಅನ್ನುತ್ತೇವೆ, ನಗಬೇಡಿ. ಬಾಯಿಂದ ಪ್ರಾರ್ಥನೆ ಬರಲಿಲ್ಲ ಅಂದರೆ ಕೈಗೆ ಜಪಮಾಲೆ ಕೊಡುತ್ತಿದ್ದಳು ನಮ್ಮಜ್ಜಿ. ನೀನು ಹೇಳಬೇಡ, ಮಣಿ ಮಾತ್ರ ಸರಿಸು, ನಾನು ಹೇಳ್ತೀನಿ ಅಂತಿದ್ದಳು. ಮಗು ಹೋದ ವರ್ಷ ನಾನು ಹಾಗೇ ಮಣಿ ಸರಿಸಿದ್ದೆ, ಎಷ್ಟೋ ತಿಂಗಳು.

ಅಣ್ಣಾ, ನಿಮಗೆ ನಂಬಿಕೆ ಕಡಿಮೆ ಅಂದರಲ್ಲ. ಬೈಬಲ್ಲಿನ ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ಲಕ್ವಾ ಹೊಡೆದವನನ್ನೇ ನಾಲ್ಕು ಜನ ಹೊತ್ತುಕೊಂಡು ಬರುತ್ತಾರೆ. ಬಾಗಿಲಲ್ಲಿ ಜನ ಜಾಸ್ತಿ. ಮಾಳಿಗೆ ಹತ್ತಿ, ಅಗೆದು, ಹಾಸಿಗೆ ಸಮೇತ ಕೆಳಗೆ ಇಳಿಸುತ್ತಾರೆ. ಪೇಟೆಯವರಿಗೆ ಇದು ವಿಚಿತ್ರ, ನಮ್ಮ ಕಡೆ ಮಣ್ಣಿನ ಮಾಳಿಗೆ ನೋಡಿದವರಿಗೆ ಗೊತ್ತು, ಗುದ್ದಲಿ ಹಾಕಿದರೆ ಹೇಗೆ ಮಣ್ಣು, ಕಡ್ಡಿ, ಗೆದ್ದಲು ಎಲ್ಲ ಕೆಳಗೆ ಕೂತವರ ತಲೆ ಮೇಲೆ ಸುರಿಯುತ್ತೆ ಅಂತ. ಯೇಸು ಯಾರ ನಂಬಿಕೆ ನೋಡಿದ ಅಂತ ಬರೆದಿದೆ? ಅವರ ನಂಬಿಕೆ. ಹೊತ್ತವರದು. ಮಲಗಿದ್ದವನು ಬಾಯೇ ತೆಗೆದಿಲ್ಲ.

ನಿಮಗೆ ಹೊರುವವರು ನಾಲ್ಕು ಜನ ಇದ್ದಾರಾ ಅಂತ ಮಾತ್ರ ನೋಡಿ. ಸಭೆಯವರನ್ನೆಲ್ಲ ಕೂಡಿಸಬೇಡಿ, ಎಲ್ಲರೂ ಬುದ್ಧಿ ಹೇಳುತ್ತಾರೆ. ನಾಲ್ಕೇ ಜನ. ಒಬ್ಬರು ಮಂಗಳವಾರ ಕಂತಿನ ಹೊತ್ತಿಗೆ ಮನೆಗೆ ಬಂದು ಸುಮ್ನೆ ಕೂರಲಿ, ಒಬ್ಬರು ಅಪ್ಪನ ಹತ್ತಿರ ರಾತ್ರಿ ಮಲಗಲಿ. ಕೇಳಲು ನಾಚಿಕೆ ಆಗುತ್ತೆ, ಗೊತ್ತು. ಬೈಕಿನ ಸಾಕ್ಷಿ ಹೇಳಿದರಲ್ಲ, ಅವರನ್ನೇ ಕೇಳಿ ನೋಡಿ. ಬೈಕಂತೂ ಸಿಕ್ಕಿದೆ, ಆಸ್ಪತ್ರೆಗೆ ಓಡಾಡಲು ಬರುತ್ತೆ!


ಎಡದಂಡೆ_ಕಾರಟಗಿ

ಎಲ್ಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ಲಾರಿ ಕುಂಬಳದ ಹತ್ತಿರ ಇಬ್ಬರೂ ನಕ್ಕೆವು, ಬಹಳ ದಿನದ ಮೇಲೆ. 14416 ಅಂತ ಬರೆದ ಅಕ್ಕನಿಗೆ, ನಾನು ಉತ್ತರ ಕೊಡುವುದಿಲ್ಲ, ನಂಬರ್ ಮಾತ್ರ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಜಯಜೀವನ ಸಹೋದರರೇ, ಉಪವಾಸ ನಮ್ಮನೆಯಲ್ಲಿ ಆಗಲೇ ನಡೀತಾ ಇದೆ, ಹೇಳುವುದು ಬೇಕಿಲ್ಲ.


ಜಯಜೀವನ_77

ನೋಯಿಸಬೇಕು ಅಂತ ಬರೆಯಲಿಲ್ಲ. ನಮ್ಮ ಸಭೆಯಲ್ಲಿ ಹೀಗೇ ಹೇಳಿಕೊಟ್ಟಿದ್ದಾರೆ. ಯೋಬನ 42 ಮತ್ತೆ ಓದಿದೆ. ನೀವು ಕಾರಟಗಿಯಲ್ಲಿ ಯಾವ ಕಡೆ? ನಾನು ಗಂಗಾವತಿ. ಅಕ್ಕಿ ಬೇಕಿದ್ದರೆ ಹೇಳಿ.


ಎಡದಂಡೆ_ಕಾರಟಗಿ (ಐದು ವಾರದ ನಂತರ)

ಏನಾಯ್ತು ಅಂತ ಕೆಲವರು ಕೇಳಿದ್ದೀರಿ.

ಕೆಲಸ ಇನ್ನೂ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ವಾರಕ್ಕೆ ಮೂರು ದಿನ ಲೆಕ್ಕ ಬರೆಯುತ್ತೇನೆ. ಎರಡು ಸಂಘದವರು ಕಂತು ಕಡಿಮೆ ಮಾಡಿದರು, ಸಿಂಧನೂರು ತಮ್ಮ ಹೇಳಿದ ಹಾಗೆ ಬರೆದು ಕೊಟ್ಟಿದ್ದಕ್ಕೆ. ಮೂರನೆಯವರು ಒಪ್ಪಿಲ್ಲ, ಆದರೆ ರಾತ್ರಿ ಬರುವುದು ಬಿಟ್ಟಿದ್ದಾರೆ. ಬೈಕಿನವರನ್ನು ಕೇಳಿದೆ. ಅವರೇನೂ ದೊಡ್ಡ ಮಾತಾಡಲಿಲ್ಲ, ಮಂಗಳವಾರ ಬಂದು ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾರೆ. ಅವರ ಹೆಂಡತಿ ತೀರಿಕೊಂಡು ವರ್ಷವೂ ಆಗಿರಲಿಲ್ಲವಂತೆ. ನನಗೆ ಗೊತ್ತೇ ಇರಲಿಲ್ಲ. ಆ ಬೈಕು ಅವರ ಹೆಂಡತಿ ಚೀಟಿ ಎತ್ತಿ ಕೊಡಿಸಿದ್ದು.

ಪ್ರಾರ್ಥನೆ ಬಂತಾ ಅಂದರೆ, ಬಂದಿಲ್ಲ. ಕೀರ್ತನೆ ಓದುತ್ತೇನೆ, ದಿನಕ್ಕೊಂದು, ರಾಯಚೂರಿನ ಅಕ್ಕ ಹೇಳಿದ ಹಾಗೆ ಚಾರ್ಟ್ ಓದಿದಂತೆ. ಈಗ 34ರಲ್ಲಿದ್ದೇನೆ. ಸಂಜೆ ಅಪ್ಪನ ಮಂಚದ ಹತ್ತಿರ ಕೂತು ಜೋರಾಗಿ ಓದುತ್ತೇನೆ, ಓದುತ್ತಾ ಅವರ ಬಲಗೈ ಬೆರಳು ಒಂದೊಂದೇ ಬಿಚ್ಚಿ ಮಡಿಸುತ್ತೇನೆ, ಎರಡೂ ಕೆಲಸ ಒಟ್ಟಿಗೆ.

ಈ ವರ್ಷ ಗದ್ದೆ ಎಲ್ಲ ಖಾಲಿ ಅಲ್ವಾ, ನಮ್ಮ ಮನೆ ಹಿಂದೆಯೇ ಕುರಿಯವರು ಬೀಡು ಬಿಟ್ಟಿದ್ದಾರೆ. ಗದ್ದೆಯವರು ಗೊಬ್ಬರಕ್ಕೆ ಅಂತ ಕುರಿ ತರುಬಿಸಿದ್ದಾರೆ. ರಾತ್ರಿ ನಿದ್ದೆ ಬರದಾಗ ಕಿಟಕಿಯಲ್ಲಿ ನೋಡುತ್ತಿರುತ್ತೇನೆ. ಮುದುಕನೊಬ್ಬ ಕಂಬಳಿ ಹೊದ್ದು ಕೂತಿರುತ್ತಾನೆ, ಮಲಗಿದನಾ ಅಂದುಕೊಂಡರೆ ಹಿಂಡಿನ ಆ ಕಡೆಯಿಂದ ಹೊಯ್ ಅಂತ ದನಿ ಬರುತ್ತೆ, ಅಷ್ಟರಲ್ಲಿ ಒಂದು ಸುತ್ತು ಹೋಗಿರುತ್ತಾನೆ. ಈದ ಮರಿಗಳನ್ನು ಬಲೆ ಕಟ್ಟಿ ಒಳಗೆ ಬಿಟ್ಟಿದ್ದಾನೆ. ಒಂದು ಕುಂಟುವ ಮರಿ ಮಾತ್ರ ಬಲೆಯಲ್ಲಿರಲ್ಲ, ಅವನ ಕಂಬಳಿಯಲ್ಲೇ ಇರುತ್ತೆ.

23 ಓದಿದ ದಿನ ಹಿಂದೆ ಕುರಿ ಕೂಗುತ್ತಿದ್ದವು. ಯೆಹೋವನು ನನಗೆ, ಅಂತ ಓದಿ ಬೆರಳು ಸರಿಯಾಗಿ ಹಿಡಿದುಕೊಳ್ಳೋಣ ಅಂತ ಒಂದು ಕ್ಷಣ ನಿಲ್ಲಿಸಿದೆ. ಅಪ್ಪ ಕುರುಬನು ಅಂದರು. ಸ್ಪಷ್ಟವಾಗಿ. ಒಳಗಿದ್ದ ಹೆಂಡತಿ ಓಡಿ ಬಂದಳು. ಮತ್ತೆ ಓದಿದೆ, ಮತ್ತೆ ಅಂದರು. ಕೊರತೆಪಡೆನು ಅನ್ನುವುದು ಬರಲಿಲ್ಲ, ಕೊ ಕೊ ಅಂತ ನಿಂತರು, ಅವರಿಗೇ ನಗು ಬಂತು. ವಾಗ್ದಾನದ ಕಾರ್ಡ್ ಅವತ್ತು ನೋಡಿದೆ. ಹೆಂಡತಿ ಅದರ ಕೆಳಗೆ ಪೆನ್ನಿನಲ್ಲಿ 70 ವರ್ಷ ಅಂತ ಬರೆದಿದ್ದಾಳೆ, ಯಾವಾಗ ಬರೆದಳೋ.

ರಾಯಚೂರಿನ ಅಕ್ಕನಿಗೆ ಒಂದು ಪ್ರಶ್ನೆ. ಅವತ್ತಿನಿಂದ ಅಪ್ಪ ಎಲ್ಲದಕ್ಕೂ ಕುರುಬನು ಅನ್ನುತ್ತಾರೆ. ನೀರು ಬೇಕಾದರೂ ಕುರುಬನು, ಚಹಾ ಬೇಕಾದರೂ ಕುರುಬನು, ಫ್ಯಾನ್ ಹಾಕು ಅನ್ನೋದಕ್ಕೂ ಅದೇ. ಇದು ಸರಿನಾ? ನಾವು ತಿದ್ದಬೇಕಾ?


ರಾತ್ರಿಪಾಳಿ_ರಾಯಚೂರು

ಆಗುತ್ತೆ ಅಣ್ಣಾ, ಹೆದರಬೇಡಿ. ಹೊರಗೆ ಬಂದ ಒಂದೇ ಪದಕ್ಕೆ ನಾಲಿಗೆ ಅಂಟಿಕೊಳ್ಳುತ್ತೆ, ಬಹಳ ಜನರಲ್ಲಿ ನೋಡಿದ್ದೇನೆ. ಬೈದು ತಿದ್ದಬೇಡಿ. ಲೋಟ ಕೈಯಲ್ಲಿ ಹಿಡಿದು ತೋರಿಸಿ, ನೀರು ಅಂತ ನಿಧಾನವಾಗಿ ನೀವೇ ಹೇಳಿ, ಆಮೇಲೆ ಕೊಡಿ. ಅವರು ಹೇಳಲಿ ಅಂತ ಕಾಯಿಸಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾತಿನ ಥೆರಪಿಯವರು ಯಾವ ದಿನ ಇರುತ್ತಾರೆ ಅಂತ ವಿಚಾರಿಸಿ ಒಮ್ಮೆ ತೋರಿಸಿ.

ಬೈಕಿನವರಿಗೆ ಆ ದಿನ ಬಿಡುವಿದೆಯಾ ಕೇಳಿ.